ಒಂಬತ್ತು ಸೆಕೆಂಡಿನ ಲ್ಯಾಪ್‌ಟಾಪ್ ಮತ್ತು ಮೂವತ್ತೆರಡು ಸೊಂಟಗಳು

ಗೊತ್ತಿಲ್ಲ ಎಂಬ ಮಾತನ್ನು ನಾನು ಕಚೇರಿಯಲ್ಲಿ ಆಡಿದವನೇ ಅಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರನೇ ಗೊತ್ತಿಲ್ಲ ಎಂದುಬಿಟ್ಟರೆ ಊರಿನ ತಕ್ಕಡಿಗಳಿಗೆ ಯಾರ ಹೆದರಿಕೆ ಇರುತ್ತದೆ? ಹಾಗಾಗಿ ಆ ಶುಕ್ರವಾರ ನಮ್ಮ ಸಾಹೇಬರು ತಮ್ಮ ಲ್ಯಾಪ್‌ಟಾಪಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕುಳಿತು, "ಇದು ಆನ್ ಆಗೋದ್ರೊಳಗೆ ನಾನು ರಿಟೈರ್ ಆಗ್ತೀನಿ. ಹಾರ್ಡ್ ಡಿಸ್ಕ್ ತೆಗೆದು ಏನೋ ಎಸ್‌ಎಸ್‌ಡಿ ಅಂತ ಹಾಕಿದ್ರೆ ಸರಿಹೋಗುತ್ತಂತೆ. ಯಾರಿಗಾದ್ರೂ ಗೊತ್ತೇನ್ರೀ?" ಎಂದು ಕೇಳಿದಾಗ, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ಉತ್ತರ ಕೊಟ್ಟಿತು.

"ಅಯ್ಯೋ, ಅದೇನ್ ಮಹಾ ಸಾರ್! ಮನೇಲಿ ನಾನೇ ಹಾಕಿದ್ದೀನಿ. ಅರ್ಧ ಗಂಟೆ ಕೆಲಸ."

ಮೂಲೆಯಲ್ಲಿದ್ದ ಟೈಪಿಸ್ಟ್ ತಲೆ ಎತ್ತಿದಳು. ಅವಳಿಗೆ ಇಂಥ ವಿಷಯಗಳು ನಿಜವಾಗಿ ಗೊತ್ತು. ಹಾಗಾಗಿಯೇ ಅವಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. "ಹೌದಾ ಸಾರ್? ಹಾಕಿದ ಮೇಲೆ ಎಷ್ಟು ಸೆಕೆಂಡಿಗೆ ಆನ್ ಆಗುತ್ತೆ?"

"ಒಂಬತ್ತು," ಎಂದೆ. ಹತ್ತು ಎಂದರೆ ಅಂದಾಜಿನ ಹಾಗೆ ಕೇಳುತ್ತದೆ. ಒಂಬತ್ತು ಎಂದರೆ ಅಳೆದು ನೋಡಿದ ಹಾಗಿರುತ್ತದೆ.

"ಹಾಗಿದ್ರೆ ನನ್ನದಕ್ಕೂ ಹಾಕ್ಕೊಡಿ, ಮುಂದಿನ ವಾರ," ಎಂದರು ಸಾಹೇಬರು.

ಆಡಿದ ಮಾತಿಗೂ ನಿಜಕ್ಕೂ ವ್ಯತ್ಯಾಸ ಬಂದಾಗ ನಿಜವನ್ನು ಸರಿಪಡಿಸಿಕೊಳ್ಳುವುದು ನನ್ನ ಪದ್ಧತಿ. ಅಂದು ಸಂಜೆಯೇ ಅಂಗಡಿಗೆ ಹೋಗಿ ಒಂದು ಎಸ್‌ಎಸ್‌ಡಿ ತಂದೆ. ಅಂಗೈಯಗಲದ ಕಪ್ಪು ಪೆಟ್ಟಿಗೆ. ಒಳಗೆ ಏನೂ ತಿರುಗುವುದಿಲ್ಲ, ಸದ್ದೂ ಇಲ್ಲ. ನಮ್ಮ ಕಚೇರಿಯ ಎಷ್ಟೋ ಸಿಬ್ಬಂದಿಗಿಂತ ಹಗುರವಾಗಿತ್ತು, ಆದರೆ ಕೆಲಸ ಮಾಡುತ್ತದೆ ಎಂದು ಅಂಗಡಿಯವನು ಭರವಸೆ ಕೊಟ್ಟ.

ಮನೆಯ ಲ್ಯಾಪ್‌ಟಾಪ್ ನನ್ನ ಹೆಂಡತಿಯದು. ಅವಳು ಟೈಲರ್. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಾಳೆ. ಗಿರಾಕಿಗಳ ಅಳತೆಯನ್ನೆಲ್ಲ ಆ ಲ್ಯಾಪ್‌ಟಾಪಿನಲ್ಲೇ ಬರೆದಿಡುತ್ತಾಳೆ. ಬೆಳಿಗ್ಗೆ ಅದರ ಗುಂಡಿ ಒತ್ತಿ, ಕೋಣೆ ಗುಡಿಸಿ, ಮಿಷನ್ನಿಗೆ ಎಣ್ಣೆ ಬಿಟ್ಟು, ದಾರ ಪೋಣಿಸಿ, ಒಂದು ಲೋಟ ಚಹಾ ಕುಡಿದು ಬಂದರೆ ಅದು ಕಣ್ಣು ಬಿಟ್ಟಿರುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಅದರ ನಿಧಾನಕ್ಕೆ ಗೊಣಗಿದವಳಲ್ಲ. ಪಾಪ, ಎಂಥ ಸಹನೆ ಎಂದುಕೊಂಡಿದ್ದೆ.

ಆಗ ಅವಳ ಕೈಯಲ್ಲಿ ಜೀವಮಾನದ ದೊಡ್ಡ ಕೆಲಸವಿತ್ತು. ಹೆಂಗಸರೇ ನಡೆಸುವ ಸಹಕಾರಿ ಬ್ಯಾಂಕೊಂದು ಹೊಸ ಕಟ್ಟಡಕ್ಕೆ ಹೋಗುವುದರಲ್ಲಿತ್ತು. ಉದ್ಘಾಟನೆಯ ದಿನ ಮೂವತ್ತೆರಡು ಮಂದಿ ಸಿಬ್ಬಂದಿಯೂ ಒಂದೇ ಬಣ್ಣದ ಕೋಟು ತೊಟ್ಟು ನಿಲ್ಲಬೇಕು. ಆ ಕೋಟುಗಳು ಸರಿಯಾಗಿ ಕೂತರೆ ಬ್ಯಾಂಕಿನ ಹನ್ನೊಂದು ಶಾಖೆಗಳ ಹೊಲಿಗೆಯೂ ಅವಳಿಗೇ. ಎಲ್ಲರ ಅಳತೆಯನ್ನೂ ತೆಗೆದು ಆಗಿತ್ತು. ಕತ್ತರಿಸುವುದು ಬಾಕಿ.

"ಇದೊಂದು ದಡ ಸೇರಿದ್ರೆ ರೀ," ಎಂದಿದ್ದಳು, "ಈ ಕೋಣೆ ಬಿಟ್ಟು ರಸ್ತೆ ಕಡೆ ಅಂಗಡಿ ಹಿಡೀತೀನಿ. ನನ್ನ ಹೆಸರಿನ ಬೋರ್ಡ್ ಹಾಕ್ಸ್ತೀನಿ." ಹಾಗೆನ್ನುವಾಗ ಅವಳ ಮುಖ ಮದುವೆಯ ದಿನಕ್ಕಿಂತಲೂ ಬೆಳಗಿತ್ತು. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಶನಿವಾರ ಅವಳು ತಾಯಿಯ ಕಣ್ಣಿನ ಆಪರೇಷನ್ನಿಗೆಂದು ತವರಿಗೆ ಹೊರಟಳು. ಬರುವುದು ಗುರುವಾರ. ಹೋಗುವಾಗ ಬಾಗಿಲಲ್ಲಿ ನಿಂತು, "ಮಿಷನ್ ಮುಟ್ಬೇಡಿ. ಕತ್ತರೀಲಿ ಪೇಪರ್ ಕತ್ತರಿಸ್ಬೇಡಿ. ಇಸ್ತ್ರಿಪೆಟ್ಟಿಗೆ ಹತ್ರ ಹೋಗ್ಲೇಬೇಡಿ," ಎಂದು ಒಂದೊಂದಾಗಿ ಹೇಳಿದಳು. ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ಮಾಡಿದರೆ ತಪ್ಪಲ್ಲ ಎಂಬುದು ಇಪ್ಪತ್ತೆರಡು ವರ್ಷದ ಸರ್ಕಾರಿ ಸೇವೆಯಲ್ಲಿ ನಾನು ಕಲಿತ ಪಾಠ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಲ್ಯಾಪ್‌ಟಾಪನ್ನು ಬೋರಲಾಗಿ ಮಲಗಿಸಿದೆ. ಸಾಕ್ಷಿಗೆಂದು ಮಹಡಿ ಮೇಲಿನ ನಿವೃತ್ತ ಎಂಜಿನಿಯರರನ್ನು ಕರೆದೆ. ಊರಲ್ಲಿ ಏನು ಕೆಟ್ಟರೂ ಅವರದು ಒಂದೇ ಮಾತು. ಹಾಗಾಗಿ ಬಡಾವಣೆಯವರೆಲ್ಲ ಅವರಿಗೆ 'ಆಗ್ಲೇ ಹೇಳಿದ್ದೆ' ಎಂದೇ ಹೆಸರಿಟ್ಟಿದ್ದರು.

"ಹಳೇ ಡಿಸ್ಕಿನಲ್ಲಿರೋದನ್ನ ಮೊದಲು ಹೊಸದಕ್ಕೆ ಕಾಪಿ ಮಾಡ್ಕೊಂಡಿದ್ದೀರಾ?" ಎಂದರು ಅವರು ಕನ್ನಡಕ ಸರಿಮಾಡಿಕೊಳ್ಳುತ್ತ.

"ಯಾಕೆ?"

"ಯಾಕೆ ಅಂದ್ರೆ? ಫೈಲುಗಳು ಎಲ್ಲಿರುತ್ತೆ ಅಂದ್ಕೊಂಡಿದ್ದೀರಿ?"

"ನೋಡಿ ಸಾರ್," ಎಂದೆ ಸ್ಕ್ರೂ ಡ್ರೈವರ್ ಎತ್ತಿ. "ಇದು ವೇಗದ ಭಾಗ. ಕಾರಿಗೆ ಎಂಜಿನ್ ಇದ್ದ ಹಾಗೆ. ಎಂಜಿನ್ ಬದಲಾಯಿಸಿದ್ರೆ ಡಿಕ್ಕಿಯಲ್ಲಿಟ್ಟ ಸಾಮಾನು ಕಳೆದುಹೋಗುತ್ತಾ?"

ಎಂಜಿನಿಯರರು ಬಾಯಿ ತೆರೆದರು, ಮುಚ್ಚಿದರು. ನನ್ನ ವಾದದಲ್ಲಿದ್ದ ಶಕ್ತಿಯೇ ಅಂಥದ್ದು.

ಹನ್ನೊಂದು ಸ್ಕ್ರೂ ಬಿಚ್ಚಿದೆ. ಮುಚ್ಚಳವನ್ನು ಮೀಟಿ ತೆಗೆದೆ. ಎಂಟು ವರ್ಷದ ದಾರದ ಚೂರು, ಒಂದು ಗುಂಡುಸೂಜಿ, ಅರ್ಧ ಬಟನ್ ಒಳಗಿದ್ದವು. ಬ್ಯಾಟರಿ ಕಳಚಿ, ಹಳೆಯ ಹಾರ್ಡ್ ಡಿಸ್ಕನ್ನು ಹಿಂದಕ್ಕೆ ಜಗ್ಗಿ ಹೊರತೆಗೆದು, ಆ ಜಾಗಕ್ಕೆ ಹೊಸದನ್ನು ತಳ್ಳಿದೆ. ಟಕ್ ಎಂದು ಕೂತಿತು. ನಿಜ ಹೇಳಬೇಕೆಂದರೆ ಕೆಲಸ ಬಹಳ ಚೆನ್ನಾಗಿ ಆಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಇಲಾಖೆಗೊಂದು ಶಿಸ್ತಿದೆ. ನಾವು ಒಂದು ತೂಕದ ಬಟ್ಟನ್ನು ತಿರಸ್ಕರಿಸಿದರೆ ಅದನ್ನು ಹಾಗೆಯೇ ಬಿಟ್ಟು ಬರುವುದಿಲ್ಲ. ಮತ್ತೆ ಯಾರೂ ಬಳಸಬಾರದೆಂದು ಅಲ್ಲೇ, ಸಾಕ್ಷಿಯ ಎದುರು, ಸುತ್ತಿಗೆಯಿಂದ ಕೆಡಿಸಿಯೇ ಬರುವುದು. ಕೆಟ್ಟ ಬಟ್ಟು ಕೈಗೆ ಬಂದರೆ ನನ್ನ ಬಲಗೈ ತಾನಾಗಿ ಸುತ್ತಿಗೆ ಹುಡುಕುತ್ತದೆ. ಹಳೆಯ ಡಿಸ್ಕನ್ನು ಹೊರಗಿನ ಮೆಟ್ಟಿಲ ಮೇಲಿಟ್ಟು, ಅದರ ಎದೆಗೆ ಮೂರಿಂಚಿನ ಮೊಳೆ ಇಟ್ಟು, ನಾಲ್ಕೇಟು ಹಾಕಿದೆ. ಆಚೆಯಿಂದೀಚೆಗೆ ತೂತು.

"ರೀ, ರೀ, ರೀ!" ಎಂದರು ಎಂಜಿನಿಯರರು.

"ನಿಯಮ," ಎಂದೆ.

ಸಾಹೇಬರ ಕೆಲಸಕ್ಕೆಂದು ಟೈಪಿಸ್ಟ್ ಕೊಟ್ಟಿದ್ದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ನಡೆಸುವ ತಂತ್ರಾಂಶವನ್ನೆಲ್ಲ ಹಾಕಿ ಗುಂಡಿ ಒತ್ತಿ ಗಡಿಯಾರ ನೋಡಿದೆ. ಒಂಬತ್ತು ಸೆಕೆಂಡು! ನನಗೇ ಆಶ್ಚರ್ಯವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ಆರಿಸಿ ಮತ್ತೆ ಹಾಕಿದೆ. ಒಂಬತ್ತೇ. ಪೇಪರಿನವನಿಗೆ ತೋರಿಸಿದೆ, ಕೊರಿಯರಿನವನಿಗೆ ತೋರಿಸಿದೆ. ಅಷ್ಟರಲ್ಲಿ ಮೂರನೇ ಮನೆಯಾಕೆ ಹೊಲಿದಿಟ್ಟ ಗೌನು ಒಯ್ಯಲು ಬಂದರು.

"ತೋಳು ಬಿಗಿ ಅನ್ನಿಸ್ತಿದೆ. ನನ್ನ ಅಳತೆ ಎಷ್ಟಿದೆ ನೋಡಿ ಅಣ್ಣ," ಎಂದರು.

"ಒಂಬತ್ತು ಸೆಕೆಂಡಿನಲ್ಲಿ ನೋಡ್ತೀನಿ," ಎಂದೆ.

ಪರದೆಯ ಮೇಲೆ ಒಂದು ಕಸದ ಬುಟ್ಟಿಯ ಚಿತ್ರವಿತ್ತು. ಬೇರೇನೂ ಇರಲಿಲ್ಲ. ಬುಟ್ಟಿಯೊಳಗೆ ನೋಡಿದೆ. ಅದೂ ಖಾಲಿ.

"ಆಗ್ಲೇ ಹೇಳಿದ್ದೆ," ಎಂದಿತು ಬೆನ್ನ ಹಿಂದಿನ ದನಿ.

ತೂತಾದ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಂಪ್ಯೂಟರ್ ರಿಪೇರಿ ಅಂಗಡಿಗೆ ಓಡಿದೆ. ಮೆಕ್ಯಾನಿಕ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿದ.

"ಯಾರು ಸಾರ್ ಇದನ್ನ ಮಾಡಿದ್ದು?"

"ಇಲಾಖೆ," ಎಂದೆ.

"ಯಾವ ಇಲಾಖೆಯಾದ್ರೂ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದು ಇದೇ ಮೊದಲು ನೋಡಿದ್ದು. ಏನೂ ಉಳಿದಿಲ್ಲ, ಮನೆಗೆ ಹೋಗಿ."

ಬೇರೆಯವರಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ನಾನು ಯೋಚಿಸಿದೆ. ಕಳೆದಿರುವುದೇನು? ಸಂಖ್ಯೆಗಳು. ಆ ಸಂಖ್ಯೆಗಳು ಎಲ್ಲಿಂದ ಬಂದವು? ಮೂವತ್ತೆರಡು ಸೊಂಟಗಳಿಂದ. ಸೊಂಟಗಳು ಇನ್ನೂ ಇವೆ. ಅಂದಮೇಲೆ ಸಂಖ್ಯೆಗಳೂ ಇವೆ, ಕೇಳಿ ಬರೆದುಕೊಂಡರಾಯಿತು. ಗುರುವಾರ ಹೆಂಡತಿ ಬರುವಷ್ಟರಲ್ಲಿ ಫೈಲು ಮೊದಲಿನಂತಿರುತ್ತದೆ, ಜೊತೆಗೆ ಒಂಬತ್ತು ಸೆಕೆಂಡಿನ ವೇಗ ಬೇರೆ.

ಸೋಮವಾರ ಕಚೇರಿಯಿಂದ ಬ್ಯಾಂಕಿನ ಮ್ಯಾನೇಜರಮ್ಮನಿಗೆ ಫೋನ್ ಮಾಡಿದೆ. 'ನಾನು ಟೈಲರಮ್ಮನ ಯಜಮಾನ' ಎಂದೇ ಶುರುಮಾಡಬೇಕೆಂದಿದ್ದೆ. ಆದರೆ ಆ ಫೋನು ಕೈಗೆ ಬಂದಾಗ ಇಪ್ಪತ್ತೆರಡು ವರ್ಷದಿಂದ ಬರುವ ಮಾತೇ ಬಂತು.

"ತೂಕ ಮತ್ತು ಅಳತೆ ಇಲಾಖೆಯಿಂದ ಇನ್ಸ್‌ಪೆಕ್ಟರ್ ಮಾತಾಡ್ತಿರೋದು."

"ನಮಸ್ಕಾರ ಸಾರ್, ಹೇಳಿ," ಎಂದರು ಆಕೆ. ದನಿ ತುಂಬ ಕಟ್ಟುನಿಟ್ಟಾಗಿತ್ತು, ಆದರೆ ವಿನಯವಿತ್ತು. ಆ ವಿನಯ ಕಿವಿಗೆ ಹಿತವಾಗಿತ್ತು. ಅಳತೆ ಕಳೆದುಹೋಯಿತೆಂದರೆ ಈ ವಿನಯವೂ ಹೋಗುತ್ತದೆ, ಕೋಟುಗಳೂ ಬೇರೆ ಟೈಲರ್ ಪಾಲಾಗುತ್ತವೆ.

"ನಿಮ್ಮಲ್ಲಿ ಮೂವತ್ತೆರಡು ಮಂದಿ ಮಹಿಳಾ ಸಿಬ್ಬಂದಿ ಇದ್ದಾರಲ್ಲ. ಅವರ ಸೊಂಟದ ಅಳತೆ ಬೇಕಾಗಿತ್ತು."

"ಸೊಂಟದ್ದೇ?"

"ಭುಜ, ತೋಳು ಕೂಡ. ಮುಖ್ಯವಾಗಿ ಸೊಂಟ."

"ಇದು ಯಾವ ಕಾನೂನಿನಡಿ ಸಾರ್?"

"ಅದೆಲ್ಲ ಇದೆ ಮೇಡಂ. ನಾಳೆ ಸಂಜೆಯೊಳಗೆ ಕೊಟ್ರೆ ಒಳ್ಳೇದು."

ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿದೆಯೇ? ಕಾನೂನು ಎಂಬುದು ಇದ್ದೇ ಇದೆ. ಮಂಗಳವಾರ ಸಂಜೆ ಮೂವತ್ತೆರಡು ಫಾರಂಗಳು ಮೊಹರು ಹಾಕಿದ ಲಕೋಟೆಯಲ್ಲಿ ಬಂದವು. ಹೆಸರು, ಹುದ್ದೆ, ಸೊಂಟ, ಭುಜ, ತೋಳು. ಕೆಳಗೆ 'ಮೇಲಿನ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯ' ಎಂದು ಸಹಿ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಬೆರಳಚ್ಚು ಮಾಡಿ, ಎರಡು ಸಲ ತಾಳೆ ನೋಡಿದೆ. ಅಕ್ಷರವೂ ತಪ್ಪಿಲ್ಲ. ಬ್ಯಾಂಕಿನ ಹೆಂಗಸರೆಲ್ಲ ಎಷ್ಟು ಸಣ್ಣಗಿದ್ದಾರಲ್ಲ ಎಂದು ಮೆಚ್ಚಿಕೊಂಡೆ.

ಬುಧವಾರ ಮಾರುಕಟ್ಟೆಗೆ ತಪಾಸಣೆಗೆ ಹೋದರೆ ಹಣ್ಣಿನ ಅಂಗಡಿಯಾಕೆ ನನ್ನನ್ನು ಕಂಡವಳೇ ಪೆಟ್ಟಿಗೆಗಳ ಹಿಂದೆ ಸರಿದು ಹೊಟ್ಟೆ ಒಳಗೆಳೆದುಕೊಂಡು ನಿಂತಳು.

"ತಕ್ಕಡಿ ಬೇಕಾದ್ರೆ ನೋಡ್ಕೊಳ್ಳಿ ಸಾರ್. ನನ್ನ ನೋಡ್ಬೇಡಿ. ಮೂರು ಮಕ್ಕಳನ್ನ ಹೆತ್ತೋಳು ನಾನು."

"ನಿನ್ನ ಯಾಕಮ್ಮ ನೋಡ್ಲಿ?"

"ಎಲ್ಲಾ ಗೊತ್ತಾಗಿದೆ ಬಿಡಿ. ಬ್ಯಾಂಕಿನಿಂದ ಶುರು ಮಾಡಿದ್ದೀರಂತೆ."

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಬಡಾವಣೆಯ ಹೆಂಗಸರು ಗುಂಪಾಗಿ ರಸ್ತೆಯಲ್ಲಿ ದಾಪುಗಾಲು ಹಾಕುತ್ತಿದ್ದರು. ಮೂರನೇ ಮನೆಯಾಕೆ ನನ್ನನ್ನು ಕಂಡು ಇನ್ನಷ್ಟು ಜೋರಾಗಿ ನಡೆದರು. ಮೆಟ್ಟಿಲಲ್ಲಿ ಎಂಜಿನಿಯರರು ಸಿಕ್ಕರು.

"ಸೊಂಟದ ಮೇಲೆ ತೆರಿಗೆ ಬರುತ್ತಂತಲ್ಲ, ಇಂಚಿಗಿಷ್ಟು ಅಂತ? ಈ ಸರ್ಕಾರ ಇಲ್ಲಿಗೇ ಬರುತ್ತೆ ಅಂತ ನಾನು ಆಗ್ಲೇ ಹೇಳಿದ್ದೆ."

"ಯಾರಂದ್ರು ನಿಮಗೆ?"

"ನಿಮ್ಮ ಇಲಾಖೆಯಿಂದಲೇ ಸುದ್ದಿ ಬಂದಿರೋದು. ಇನ್ಸ್‌ಪೆಕ್ಟರೇ ಫೋನ್ ಮಾಡಿದ್ರಂತೆ, ಬಹಳ ಒರಟ ಅಂತೆ."

ಅಷ್ಟರಲ್ಲಿ ಅತ್ತೆಯವರ ಫೋನು. "ಅಳಿಯಂದಿರೇ, ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲ. ಅಳತೆ ಕೊಡೋಕೆ ನಾನೇ ಬರ್ಬೇಕಾ, ಇಲ್ಲಾ ನಿಮ್ಮ ಹೆಸರು ಹೇಳಿದ್ರೆ ಬಿಟ್ಬಿಡ್ತಾರಾ? ಎಪ್ಪತ್ತು ದಾಟಿದವರಿಗೆ ರಿಯಾಯಿತಿ ಇದ್ಯಾ ಕೇಳಿ ಹೇಳಿ."

ನಾಲ್ಕು ಗಂಟೆಗೆ ಸಾಹೇಬರ ಬುಲಾವ್ ಬಂತು. ಅವರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕೂತಿದ್ದರು. ಹಳೆಯ ಡಿಸ್ಕಿನ ಸುದ್ದಿಯೂ ಅವರಿಗೆ ತಲುಪಿತ್ತು.

"ನೀವು ಇದರ ಹತ್ತಿರಕ್ಕೂ ಬರ್ಬೇಡಿ. ಅಲ್ಲೇ ನಿಂತ್ಕೊಂಡು ಹೇಳಿ. ಹೆಂಗಸರ ಸೊಂಟ ನಮ್ಮ ಇಲಾಖೆಯ ವ್ಯಾಪ್ತಿಗೆ ಯಾವಾಗ ಬಂತು?"

"ಅದೊಂದು ಸಣ್ಣ ಖಾಸಗಿ ಪರಿಶೀಲನೆ ಸಾರ್."

"ಖಾಸಗಿ! ಬೆಳಿಗ್ಗೆಯಿಂದ ನಲವತ್ತು ಫೋನು. ನನ್ನ ಮನೆಯವಳು ನಿನ್ನೆ ರಾತ್ರಿಯಿಂದ ಊಟ ಬಿಟ್ಟಿದ್ದಾಳೆ. 'ನಿಮ್ಮ ಇಲಾಖೆ, ನೀವೇ ಹೇಳಿ, ನಂದು ಎಷ್ಟಿದ್ರೆ ಪರವಾಗಿಲ್ಲ' ಅಂತ ಕೇಳ್ತಾಳೆ. ಏನಂತ ಹೇಳ್ಲಿ?"

"ಈಗಿರೋದೇ ಸರಿ ಅಂದ್ಬಿಡಿ ಸಾರ್."

"ಅಂದೆ. 'ಹಾಗಿದ್ರೆ ಈಗ ಎಷ್ಟಿದೆ ಅಂತ ಗೊತ್ತಾ ನಿಮಗೆ' ಅಂದ್ಲು. ಊಟ ನನಗೂ ಸಿಕ್ಕಿಲ್ಲ."

ಸಾಹೇಬರು ಅಲ್ಲೇ ಒಂದು ಪ್ರಕಟಣೆ ಬರೆಸಿದರು: 'ಸಾರ್ವಜನಿಕರ ಸೊಂಟದ ಅಳತೆಯನ್ನು ಪಡೆಯುವ ಪ್ರಸ್ತಾವ ಸದ್ಯಕ್ಕೆ ಇಲಾಖೆಯ ಮುಂದೆ ಇರುವುದಿಲ್ಲ.' ಕಚೇರಿ ಬಾಗಿಲಿಗೆ ಅಂಟಿಸಿದ ಅರ್ಧ ಗಂಟೆಯಲ್ಲಿ ಊರಿಡೀ 'ಸದ್ಯಕ್ಕೆ' ಎಂಬ ಪದವನ್ನು ಓದಿಕೊಂಡಿತು. ಅಲ್ಲಿಯವರೆಗೆ ನಡೆಯುತ್ತಿದ್ದವರು ಆಮೇಲೆ ಓಡತೊಡಗಿದರು.

ಗುರುವಾರ ಬೆಳಿಗ್ಗೆ ಹೆಂಡತಿ ಬಂದಳು. ಚೀಲ ಇಳಿಸಿ, ಎಂದಿನಂತೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಪೊರಕೆ ಎತ್ತಿಕೊಂಡಳು. ಪೊರಕೆ ನೆಲಕ್ಕೆ ತಾಕುವ ಮೊದಲೇ ಪರದೆ ಬೆಳಗಿತು. ಅವಳು ಹಾವು ತುಳಿದ ಹಾಗೆ ಹಿಂದೆ ಸರಿದಳು.

"ಏನಾಗಿದೆ ಇದಕ್ಕೆ?"

"ಒಂಬತ್ತು ಸೆಕೆಂಡು," ಎಂದೆ, ಕೈಕಟ್ಟಿ ನಿಂತು. "ಆಶ್ಚರ್ಯ ಆಗ್ಲಿ ಅಂತ ಹೇಳಿರ್ಲಿಲ್ಲ. ಬ್ಯಾಂಕಿನ ಫೈಲು ಅಲ್ಲೇ ಇದೆ ನೋಡು."

ಅವಳು ಫೈಲು ತೆರೆದಳು. ಮೊದಲ ಸಾಲು ಓದಿದಳು, ಎರಡನೆಯದು ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಕ್ಯಾಷಿಯರ್ ಸೊಂಟ ಇಪ್ಪತ್ತೆಂಟು? ಅದು ಅವಳ ಸೊಂಟ ಅಲ್ಲ ರೀ, ಅವಳ ಕುತ್ತಿಗೆ. ಎಲ್ಲಿಂದ ತಂದ್ರಿ ಇದನ್ನ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಸ್ಕ್ರೂ ಡ್ರೈವರಿನಿಂದ ಹಿಡಿದು ಮೊಹರಿನ ಲಕೋಟೆಯವರೆಗೆ ಎಲ್ಲ ಹೇಳಿದೆ. ಮೊಳೆಯ ವಿಷಯವನ್ನು ಸ್ವಲ್ಪ ಬೇಗ ಹೇಳಿ ಮುಗಿಸಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಿಷನ್ನಿನ ಸ್ಟೂಲಿನ ಮೇಲೆ ಕುಸಿದು ಅಳತೊಡಗಿದಳು.

"ಆದ್ರೆ ಅಳತೆಗಳು ಇವೆಯಲ್ಲ," ಎಂದೆ. "ಅವರೇ ಬರೆದು ಸಹಿ ಹಾಕಿದ್ದು."

"ಅವರಿಗೆ ಅವರ ಅಳತೆ ಎಲ್ಲಿ ಗೊತ್ತು? ಅವರಿಗೆ ಗೊತ್ತಿರೋದು ನಾನು ಹೇಳಿದ್ದು!" ಎಂದಳು ಕಣ್ಣೊರೆಸಿಕೊಂಡು. "ಟೇಪು ಹಿಡಿದಾಗ ಇರೋದನ್ನ ಇದ್ದ ಹಾಗೆ ಬಾಯಲ್ಲಿ ಹೇಳ್ತಾರೇನ್ರೀ ಯಾರಾದ್ರೂ? ಮೂವತ್ತೆಂಟಿದ್ರೆ ಮೂವತ್ತೈದು ಅಂತೀನಿ. ಅವರು ಖುಷಿಯಾಗಿ ಮನೆಗೆ ಹೋಗ್ತಾರೆ. ಆಮೇಲೆ ನಿಜವಾದ್ದನ್ನ ಲ್ಯಾಪ್‌ಟಾಪಲ್ಲಿ ಬರ್ಕೊಂಡು ಆ ಪ್ರಕಾರ ಹೊಲೀತೀನಿ. ಬಟ್ಟೆ ಸರಿಯಾಗಿ ಕೂರುತ್ತೆ, ಮೂವತ್ತೈದೂ ಉಳಿಯುತ್ತೆ. ಪುಸ್ತಕದಲ್ಲಿ ಬರೆದಿಟ್ರೆ ಯಾರಾದ್ರೂ ಮಗುಚಿ ನೋಡ್ಬಿಡ್ತಾರೆ. ಇದು ಆನ್ ಆಗೋವರೆಗೆ ಕಾಯೋಷ್ಟು ಪುರುಸೊತ್ತು ಯಾವ ಗಿರಾಕಿಗೂ ಇರ್ಲಿಲ್ಲ. ಆ ನಿಧಾನವೇ ನನ್ನ ಬೀಗ ಆಗಿತ್ತು. ಅದನ್ನೂ ಕಿತ್ತು ಹಾಕಿದ್ರಿ!"

ಹದಿನಾಲ್ಕು ವರ್ಷ! ನಾನು ಊರೆಲ್ಲ ಅಲೆದು ಹತ್ತು ಗ್ರಾಮಿನ ಮೋಸ ಹಿಡಿಯುತ್ತಿದ್ದಾಗ, ನನ್ನದೇ ಮನೆಯ ಮುಂದಿನ ಕೋಣೆಯಲ್ಲಿ ದಿನಕ್ಕೆ ಹತ್ತಾರು ಇಂಚು ನಾಪತ್ತೆಯಾಗುತ್ತಿತ್ತು.

"ಇದು ಅಪರಾಧ," ಎಂದೆ.

"ಏನಪರಾಧ? ಬಟ್ಟೇಲಿ ಕಡಿಮೆ ಕೊಟ್ರೆ ಅಪರಾಧ. ನಾನು ಬಾಯಲ್ಲಿ ಕಡಿಮೆ ಕೊಟ್ಟಿದ್ದೀನಿ. ಬಾಯಿಗೆ ಮುದ್ರೆ ಹಾಕೋ ಇಲಾಖೆ ನಿಮ್ಮದಾ?"

ಮತ್ತೊಮ್ಮೆ ಅಳತೆ ತೆಗೆಯೋಣವೆಂದರೆ ಅದು ಆಗದು. ಎರಡನೇ ಸಲ ಟೇಪು ಹಿಡಿಸಿಕೊಂಡು ನಿಲ್ಲಲು ನಮ್ಮವರಿಗೆ ಪುರುಸೊತ್ತಿಲ್ಲ ಎಂದು ಮ್ಯಾನೇಜರಮ್ಮ ಮೊದಲೇ ಹೇಳಿದ್ದರಂತೆ. ಕಳೆದುಹೋಯಿತೆಂದು ಗೊತ್ತಾದರೆ ಕೆಲಸ ಕಿತ್ತುಕೊಳ್ಳಲು ಇನ್ನಿಬ್ಬರು ಟೈಲರುಗಳು ಕಾದು ಕೂತಿದ್ದರು.

ಆಗ ನನಗೆ ಹೊಳೆಯಿತು. ತಪ್ಪು ತಕ್ಕಡಿಯನ್ನು ಎಸೆಯಬೇಕಿಲ್ಲ, ಅದು ಎಷ್ಟು ತಪ್ಪು ತೋರಿಸುತ್ತದೆಂದು ಗೊತ್ತಿದ್ದರೆ ಸಾಕು.

"ಅಳತೆ ಮರೆತಿರ್ಬಹುದು. ಯಾರಿಗೆ ಎಷ್ಟು ಇಂಚು ಕಡಿಮೆ ಹೇಳ್ತೀಯ ಅನ್ನೋದು ಮರೆತಿದ್ದೀಯಾ?"

ಅವಳ ಅಳು ಅಲ್ಲೇ ನಿಂತಿತು. "ಅದನ್ನ ಹೇಗೆ ಮರೀತೀನಿ? ಅದಕ್ಕೊಂದು ಲೆಕ್ಕ ಇದೆ. ಮರ್ಯಾದೆಗೆ ಅಂತ ಎಲ್ಲರಿಗೂ ಒಂದು. ಮದುವೆ ಗೊತ್ತಾದವರಿಗೆ ಎರಡು. ಹೆತ್ತವರಿಗೆ ಮೂರು. ಮೇಲಧಿಕಾರಿಗಳಿಗೆ ನಾಲ್ಕು."

"ಸರಿ, ಅದನ್ನ ಕೂಡಿಸು. ಅದರ ಮೇಲೆ ಭಯಕ್ಕೆ ಒಂದು ಇಂಚು."

"ಭಯಕ್ಕೆ?"

"ತೆರಿಗೆ ಬರುತ್ತೆ ಅಂತ ಹೆದರಿ ಬರೆದಿದ್ದಾರಲ್ಲ. ಇನ್ಸ್‌ಪೆಕ್ಟರನ್ನ ಕಂಡ ಮನುಷ್ಯ ಎಷ್ಟು ಮುಚ್ಚಿಡ್ತಾನೆ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಂದು ಹಗಲೆಲ್ಲ ನಾವಿಬ್ಬರೂ ಎದುರುಬದುರು ಕೂತೆವು. ನಾನು ಫಾರಂ ಓದುವುದು, ಅವಳು ಸುಳ್ಳು ಕೂಡಿಸುವುದು, ನಾನು ಭಯ ಕೂಡಿಸುವುದು. ಮದುವೆಯಾದ ಮೇಲೆ ಇಬ್ಬರೂ ಸೇರಿ ಒಂದು ಕೆಲಸ ಮಾಡಿದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಬಹಳ ಸಂತೋಷವಾಯಿತು. ಫೈಲನ್ನು ಮೂರು ಕಡೆ ಕಾಪಿ ಮಾಡಿಟ್ಟೆ. ಅವಳು ಲ್ಯಾಪ್‌ಟಾಪಿಗೆ ಎಷ್ಟು ಉದ್ದದ ಪಾಸ್‌ವರ್ಡ್ ಇಟ್ಟಳೆಂದರೆ, ಆನ್ ಆಗಲು ಒಂಬತ್ತು ಸೆಕೆಂಡು, ತೆರೆಯಲು ನಾಲ್ಕು ನಿಮಿಷ.

ಎರಡು ವಾರದಲ್ಲಿ ಕೋಟುಗಳು ಸಿದ್ಧವಾದವು. ಉದ್ಘಾಟನೆಯ ಹಿಂದಿನ ದಿನ ಇಬ್ಬರೂ ಹೊತ್ತುಕೊಂಡು ಬ್ಯಾಂಕಿಗೆ ಹೋದೆವು. ಕ್ಯಾಷಿಯರ್ ತೊಟ್ಟಳು, ಸರಿಯಾಗಿ ಕೂತಿತು. ಗುಮಾಸ್ತೆಯರು ತೊಟ್ಟರು, ಸರಿಯಾಗಿ ಕೂತಿತು. ಒಂದೊಂದು ಗುಂಡಿ ಕಾಜಕ್ಕೆ ಸೇರಿದಾಗಲೂ ನಾನೂ ಹೆಂಡತಿಯೂ ಒಟ್ಟಿಗೆ ಉಸಿರು ಬಿಟ್ಟೆವು. ಮೂವತ್ತೊಂದು ಕೋಟುಗಳು ಹೀಗೆ ಗೆದ್ದ ಮೇಲೆ ಮ್ಯಾನೇಜರಮ್ಮ ತಮ್ಮದನ್ನು ತೊಟ್ಟರು.

ಅದರೊಳಗೆ ಇನ್ನೊಬ್ಬ ಸಹಾಯಕ ಮ್ಯಾನೇಜರನ್ನು ನೇಮಿಸಿಕೊಳ್ಳಬಹುದಿತ್ತು.

ಹನ್ನೊಂದು ಶಾಖೆಗಳು, ರಸ್ತೆ ಕಡೆಯ ಅಂಗಡಿ, ಬೋರ್ಡು, ಎಲ್ಲ ಆ ಕೋಟಿನ ಸಡಿಲದಲ್ಲಿ ಜೋತಾಡುತ್ತಿದ್ದವು. ಮ್ಯಾನೇಜರಮ್ಮ ಕನ್ನಡಿಯ ಎದುರು ನಿಂತು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ನಂತರ ಮೆಲ್ಲನೆ, "ಟೈಲರಮ್ಮ, ನೀವು ನನ್ನ ಅಳತೆ ತೆಗೆದಾಗ ಮೂವತ್ನಾಲ್ಕು ಅಂದಿದ್ರಿ, ಅಲ್ವಾ?" ಎಂದರು.

"ಹೌದು ಮೇಡಂ," ಎಂದಳು ಇವಳು, ಕೇಳಿಸಿಯೂ ಕೇಳಿಸದಂತೆ.

"ಆಮೇಲೆ ಅಳತೆ ಬರೆದು ಕೊಡಿ ಅಂತ ಸರ್ಕಾರದಿಂದ ಫೋನು ಬಂತು. ಬೇರೆಯವರ ಹಾಗೆ ನೆನಪಿನಿಂದ ಬರೆಯೋಳಲ್ಲ ನಾನು. ನನ್ನ ಸಹಿ ಇರೋ ಕಾಗದ, ಅಳೆದೇ ಬರೆದೆ. ಮೂವತ್ತೆಂಟು ಬಂತು! ಎದೆ ಧಸಕ್ಕಂತು. ಒಂದೇ ತಿಂಗಳಲ್ಲಿ ನಾಲ್ಕಿಂಚು ಹೇಗೆ ಏರಿದೆ ಅಂತ. ಅವತ್ತಿನಿಂದ ದಿನಾ ಒಂದು ಗಂಟೆ ನಡೀತಿದ್ದೀನಿ, ಸಕ್ಕರೆ ಬಿಟ್ಟಿದ್ದೀನಿ."

ನಾನೂ ಹೆಂಡತಿಯೂ ಪರಸ್ಪರ ನೋಡಿಕೊಂಡೆವು. ಮೂವತ್ತೆರಡು ಜನರಲ್ಲಿ ಒಬ್ಬರೇ ಒಬ್ಬರು ನಿಜ ಬರೆದಿದ್ದರು. ಆ ನಿಜದ ಮೇಲೆ ಮೇಲಧಿಕಾರಿಯದೆಂದು ನಾಲ್ಕು, ಭಯದ್ದೆಂದು ಒಂದು, ಒಟ್ಟು ಐದು ಇಂಚು ಏರಿಸಿ ಹೊಲಿದಿದ್ದೆವು.

"ಈಗ ನೋಡಿ!" ಎಂದರು ಮ್ಯಾನೇಜರಮ್ಮ, ಕೋಟಿನ ಸಡಿಲವನ್ನು ಮುಷ್ಟಿಯಲ್ಲಿ ಹಿಡಿದು. ಅವರ ದನಿಯಲ್ಲಿದ್ದ ಕಟ್ಟುನಿಟ್ಟು ಎಲ್ಲಿಗೋ ಹೋಗಿತ್ತು. "ಮೂವತ್ನಾಲ್ಕಕ್ಕೆ ಹೊಲಿದ ಕೋಟು ಇಷ್ಟು ಸಡಿಲ! ಅಂದ್ರೆ ನಾನೀಗ ಇಪ್ಪತ್ತೊಂಬತ್ತಲ್ವಾ? ಮದುವೇಲಿ ಅಷ್ಟಿದ್ದೆ ನಾನು." ಹಾಗೆಂದವರು ನನ್ನ ಕಡೆ ತಿರುಗಿದರು. "ನೀವು ಅಳತೆ ಇಲಾಖೆಯವರಂತಲ್ಲ? ನನಗೆ ಬಾಯಿಮಾತು ಬೇಡ. ನೀವೇ ನೋಡಿ ಹೇಳಿ."

ಹೆಂಡತಿ ಟೇಪು ಸುತ್ತಿ ಬೆನ್ನ ಹಿಂದೆ ಹಿಡಿದಳು. ಮ್ಯಾನೇಜರಮ್ಮ ಕಣ್ಣು ಮುಚ್ಚಿಕೊಂಡರು. ನಾನು ಬಗ್ಗಿ ನೋಡಿದೆ. ಮೂವತ್ತೇಳೂವರೆ. ನಡೆದದ್ದಕ್ಕೆ ಅರ್ಧ ಇಂಚು ನಿಜವಾಗಿ ಇಳಿದಿದ್ದರು, ಪಾಪ.

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಂದು ಗ್ರಾಮು ಅತ್ತಿತ್ತ ಹೇಳಿದವನಲ್ಲ. ಬಾಯಲ್ಲಿ ಎಷ್ಟೋ ಬಡಾಯಿ ಕೊಚ್ಚಿರಬಹುದು, ಅಳತೆ ನೋಡಿ ಸುಳ್ಳು ಹೇಳಿದವನಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೆಲ ನೋಡುತ್ತ ನಿಂತಿದ್ದಳು.

"ಇಪ್ಪತ್ತೊಂಬತ್ತು," ಎಂದೆ.

ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹೆಂಡತಿ ಹತ್ತೇ ನಿಮಿಷದಲ್ಲಿ ಕೋಟಿನ ಎರಡೂ ಬದಿ ಹಿಡಿದು ಸರಿಮಾಡಿದಳು. ಮ್ಯಾನೇಜರಮ್ಮ ನಿಂತಲ್ಲೇ ಹನ್ನೊಂದು ಶಾಖೆಗಳ ಆರ್ಡರಿಗೆ ಸಹಿ ಹಾಕಿದರು. ಹಾಕಿ, ಪೆನ್ನು ಮುಚ್ಚುವ ಮೊದಲು ಕೆಳಗೆ ಒಂದು ಷರತ್ತು ಸೇರಿಸಿದರು.

"ಟೇಪು ನೀವೇ ಹಿಡೀರಿ ಟೈಲರಮ್ಮ. ಆದ್ರೆ ಎಲ್ಲಾ ಶಾಖೆಯಲ್ಲೂ ಅಳತೆ ಓದೋದು ನಿಮ್ಮ ಯಜಮಾನ್ರೇ ಆಗ್ಬೇಕು. ಇಲಾಖೆಯವರ ಬಾಯಿಂದ ಬಂದದ್ದು ಅಂದ್ರೆ ಯಾರೂ ತಕರಾರು ಮಾಡಲ್ಲ."

ಮುಂದಿನ ರಜಾದಿನ ಎರಡನೇ ಶಾಖೆಗೆ ಹೋದೆವು. ಮೊದಲು ಬಂದವರು ಲೆಕ್ಕಪತ್ರದ ಗುಮಾಸ್ತೆ, ಎರಡು ಮಕ್ಕಳ ತಾಯಿ. ಇಲಾಖೆಯ ಇನ್ಸ್‌ಪೆಕ್ಟರೇ ಎದುರಿಗಿದ್ದಾರೆಂದು ಉಸಿರು ಬಿಗಿಹಿಡಿದು ನಿಂತರು. ಹೆಂಡತಿ ಟೇಪು ಸುತ್ತಿದಳು. ನಾನು ಕನ್ನಡಕ ಏರಿಸಿ ನೋಡಿದೆ. ನಲವತ್ತೊಂದು. ಹೆಂಡತಿ ಅವರ ಬೆನ್ನ ಹಿಂದಿನಿಂದ ಮೆಲ್ಲಗೆ ಮೂರು ಬೆರಳು ತೋರಿಸಿದಳು.

"ಮೂವತ್ತೆಂಟು!" ಎಂದೆ, ಸಂತೆಗೆಲ್ಲ ಕೇಳುವ ಸರ್ಕಾರಿ ದನಿಯಲ್ಲಿ.